ರವದಿ ಮಾಳಪ್ಪನೂ ಕಿವಿಯಿಲ್ಲದವರೂ

ಮಾಳಪ್ಪನನ್ನು ಮೊದಲು ಕಂಡ ದಿನ ಅವನು ಖಾಲಿ ಎಣ್ಣೆ ಡಬ್ಬಿಯೊಂದನ್ನು ಕಟ್ಟಿಗೆಯಿಂದ ಬಡಿಯುತ್ತ, ಕಬ್ಬು ಕಡಿದು ಮುಗಿದ ಹೊಲದ ಸುತ್ತ ಒಬ್ಬನೇ ನಡೆಯುತ್ತಿದ್ದ. ಮಾಗಿಯ ಚಳಿಯ ದಿನಗಳು. ಹೊತ್ತು ಇಳಿಯತೊಡಗಿತ್ತು. ಹೊಳೆಯ ಕಡೆಯಿಂದ ತೆಳ್ಳನೆಯ ಮಂಜು ಎದ್ದು ಬದುವಿನ ಮೇಲೆ ಒರಗಿಕೊಂಡಿತ್ತು.

ಎಂ.ಕೆ. ಹುಬ್ಬಳ್ಳಿಯಿಂದ ಮಲಪ್ರಭೆಯ ದಂಡೆಗುಂಟ ಎರಡು ಹರದಾರಿ ನಡೆದರೆ ಅವನ ಊರು. ಅಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ತೊನೆಯುತ್ತ ಕಾರ್ಖಾನೆಗೆ ಹೋದ ಮೇಲೆ ಹೊಲದಲ್ಲಿ ಉಳಿಯುವುದು ಕಬ್ಬಿನ ಒಣಗರಿ. ಅದಕ್ಕೆ ರವದಿ ಎನ್ನುತ್ತಾರೆ. ಮೊಣಕಾಲು ಮುಳುಗುವಷ್ಟು ರವದಿ ಬಿಸಿಲಿಗೆ ಹೊಂಬಣ್ಣಕ್ಕೆ ತಿರುಗಿ, ಗಾಳಿ ಬಂದಾಗಲೆಲ್ಲ ಯಾರೋ ಪಿಸುಮಾತಾಡಿದಂತೆ ಸದ್ದು ಮಾಡುತ್ತಿತ್ತು.

"ಏಳ್ರೆಪಾ, ಏಳ್ರಿ. ಬೆಂಕಿ ಬರಾಕ ಹತ್ತೈತಿ. ಮಕ್ಕಳು ಮರಿ ಕಟಗೊಂಡು ಹೊರಗ ನಡೀರಿ" ಎಂದು ಅವನು ಯಾರಿಗೋ ಹೇಳುತ್ತಿದ್ದ. ಹೊಲದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ರವದಿ ಅಲುಗಿತು. ಒಂದು ಮೊಲ ಕಿವಿ ನಿಮಿರಿಸಿ ಬದು ಹಾರಿತು. ಅದರ ಹಿಂದೆ ಗೌಜಗ ಹಕ್ಕಿಯ ಜೋಡಿ, ಮತ್ತೆ ಎಷ್ಟೋ ಹೊತ್ತಿನ ಮೇಲೆ, ಅವಸರವೇ ಇಲ್ಲದ ಒಂದು ಕೇರೆ ಹಾವು. ಮಾಳಪ್ಪ ಹಾವಿಗೆ ದಾರಿ ಬಿಟ್ಟು ಸರಿದು ನಿಂತ. ಎಲ್ಲರೂ ಹೋದರೆಂದು ಮನಸ್ಸಿಗೆ ಬಂದ ಮೇಲೆ ಡಬ್ಬಿಯನ್ನು ಕೆಳಗಿಟ್ಟು, ಹಿಡಿ ಮಣ್ಣು ತೂರಿ ಗಾಳಿಯ ದಿಕ್ಕು ನೋಡಿದ. ಗಾಳಿಗೆ ಎದುರಾಗಿ ನಡೆಯುವಂತೆ ಬೆಂಕಿ ಹಚ್ಚಿದ. ಬೆಂಕಿ ಸಾವಕಾಶವಾಗಿ, ಹೇಳಿದ ಮಾತು ಕೇಳುವ ಎತ್ತಿನ ಹಾಗೆ, ಈ ಬದುವಿನಿಂದ ಆ ಬದುವಿಗೆ ಹೋಗಿ ಅಲ್ಲೇ ಮಲಗಿತು.

ನಲವತ್ತು ಸುಗ್ಗಿ ಅವನು ಹೀಗೆ ಬೆಂಕಿ ಹಚ್ಚಿದ್ದ. ಒಂದು ಸಲವೂ ಅವನ ಬೆಂಕಿ ಬದು ದಾಟಿದ್ದಿಲ್ಲ. ಅದಕ್ಕೇ ಕಿತ್ತೂರಿನ ಕಡೆಯ ರೈತರೂ ಅವನನ್ನು ಕರೆಯುತ್ತಿದ್ದರು. ರವದಿ ಮಾಳಪ್ಪ ಎಂದೇ ಹೆಸರು. ಅವನು ಬಂದ ಊರಿನ ಅಂಗಳಗಳಲ್ಲಿ ಆ ಸಂಜೆ ಕರಿಯ ಬೂದಿಯ ಎಳೆಗಳು ಹಾರಾಡಿ, ಒಣಹಾಕಿದ ಧೋತರದ ಮೇಲೆ ಇಳಿಯುತ್ತಿದ್ದವು. ಹೆಂಗಸರು ಬೈದುಕೊಳ್ಳುತ್ತ ಬಟ್ಟೆ ಒಳಗೆ ತರುತ್ತಿದ್ದರು. ಮಾಳಪ್ಪ ಮಾತ್ರ ಬಿಸಿ ಚಹಾ ಕುಡಿಯುತ್ತ, ಹೊಗೆಯ ಹಿಂದೆ ಮುಳುಗುವ ಕೆಂಪು ಸೂರ್ಯನನ್ನು ಕನಸು ಕಂಡವನಂತೆ ನೋಡುತ್ತ ಕುಳಿತಿರುತ್ತಿದ್ದ. ಒಂದು ಜೀವಕ್ಕೂ ಕೇಡು ಮಾಡದೆ ಕೆಲಸ ಮುಗಿಸಿದೆನೆಂಬ ನೆಮ್ಮದಿ ಅವನ ಮುಖದಲ್ಲಿ ಕಾಣುತ್ತಿತ್ತು.

ಆ ನೆಮ್ಮದಿಯನ್ನು ಕಲಕಿದವಳು ಶಾಹಿಸ್ತಾ. ಕಾರ್ಖಾನೆಯ ರಸ್ತೆಯಲ್ಲಿ ಟ್ರ್ಯಾಕ್ಟರು ರಿಪೇರಿ ಮಾಡುವ ರಸೂಲಸಾಬನ ಮಗಳು. ರಸೂಲಸಾಬ ಮಾಳಪ್ಪನ ಬಾಲ್ಯದ ಗೆಳೆಯ. ಮಗಳು ಧಾರವಾಡದಲ್ಲಿ ಕೃಷಿ ಓದಿ, ರೈತರು ರವದಿ ಸುಡುವುದನ್ನು ಬಿಡಿಸಬೇಕೆಂದು ಊರೂರು ತಿರುಗುವ ಒಂದು ತಂಡದಲ್ಲಿ ಸೇರಿಕೊಂಡಿದ್ದಳು. ಮರುವರ್ಷದ ಸುಗ್ಗಿಯಲ್ಲಿ ಅವಳು ಮಾಳಪ್ಪನ ಹೊಲಕ್ಕೆ ಬಂದಾಗ ಕೈಯಲ್ಲಿ ಊಟದ ಮಣೆಯಷ್ಟಗಲದ ಹಲಗೆಯೊಂದಿತ್ತು. ಅದರ ಮೇಲೆ ಕರಿ ಬಿಳಿ ಚೌಕಗಳ ಚಿತ್ತಾರ. ಹಲಗೆಯನ್ನು ನೆಲದ ಮೇಲಿಟ್ಟು, ತನ್ನ ಮೊಬೈಲನ್ನು ಮಾಳಪ್ಪನ ಕೈಗೆ ಕೊಟ್ಟಳು.

"ಇದರಾಗ ಹಾಯ್ದು ಹಲಗಿ ನೋಡ್ರಿ ಕಾಕಾ."

ಮೊಬೈಲಿನಲ್ಲಿ ಮೊದಲು ಅವನದೇ ಹೊಲ ಕಂಡಿತು. ಅವನದೇ ಬದು, ಬದುವಿನ ಮೇಲೆ ಬಿಟ್ಟ ಅವನದೇ ಚಪ್ಪಲಿ. ಹಲಗೆ ಇದ್ದ ಕಡೆ ಮಾತ್ರ ನೆಲ ಬಾಗಿಲಿನ ಹಾಗೆ ಮೆಲ್ಲಗೆ ತೆರೆದುಕೊಂಡಿತು. ಓದಿದವರು ಇದಕ್ಕೆ ವರ್ಧಿತ ವಾಸ್ತವ ಎನ್ನುತ್ತಾರೆ. ಕಣ್ಣೆದುರಿನ ನಿಜಕ್ಕೆ ಚಿತ್ರವೊಂದನ್ನು ಹೊಲಿಗೆ ಕಾಣದಂತೆ ಹೊಲಿದು ಕೊಡುವ ವಿದ್ಯೆ ಅದು. ಮಾಳಪ್ಪನಿಗೆ ಆ ಹೆಸರು ಗೊತ್ತಿರಲಿಲ್ಲ. ಮೊಬೈಲು ನೆಲದೊಳಗೆ ಇಣುಕುತ್ತಿದೆಯೆಂದೇ ಅವನು ತಿಳಿದ.

ಒಳಗೆ ಕಪ್ಪು ಮಣ್ಣು ತೇವವಾಗಿ ಹೊಳೆಯುತ್ತಿತ್ತು. ಕಬ್ಬಿನ ಬೇರುಗಳು ಕೂದಲಿನಂತೆ ಇಳಿಬಿದ್ದಿದ್ದವು. ಜೇಡನ ನೂಲಿಗಿಂತ ತೆಳುವಾದ ಬಿಳಿಯ ಎಳೆಗಳು ಬೇರಿನಿಂದ ಬೇರಿಗೆ ಹಬ್ಬಿದ್ದವು. ನಡುವೆ ಎರೆಹುಳುಗಳು ಬರುತ್ತ ಹೋಗುತ್ತ ಇದ್ದವು. ಅವುಗಳಲ್ಲಿ ಒಂದು ಅರ್ಧ ದಾರಿಗೆ ನಿಂತು, ಏನೋ ಮರೆತು ಬಂದ ಹೆಂಗಸಿನಂತೆ ತಲೆ ಎತ್ತಿ, ಎಡಕ್ಕೆ ತಿರುಗಿ ಹೋಯಿತು. ಮಾಳಪ್ಪನಿಗೆ ನಗು ಬಂತು. ಅವನು ಮೊಬೈಲನ್ನು ಮುಖಕ್ಕೆ ಹತ್ತಿರ ಹಿಡಿದ.

"ಈಗ ಮ್ಯಾಲ ಬೆಂಕಿ ಹೋಗತೈತಿ, ನೋಡ್ರಿ" ಎಂದು ಶಾಹಿಸ್ತಾ ಬೆರಳಿನಿಂದ ಒಂದು ಗುರುತು ಮುಟ್ಟಿದಳು.

ಬೆಂಕಿ ಮೇಲೆ ಹಾದುಹೋಯಿತು. ಬಿಳಿಯ ಎಳೆಗಳು ಒಂದೊಂದಾಗಿ ಮಾಯವಾದವು. ಮೇಲಿನ ಮಣ್ಣು ಬೂದು ಬಣ್ಣಕ್ಕೆ ತಿರುಗಿತು. ಹುಳುಗಳು ಸುರುಳಿ ಸುತ್ತಿ ನಿಂತುಬಿಟ್ಟವು. ಎಡಕ್ಕೆ ಹೋದದ್ದೂ ನಿಂತಿತು.

ಮಾಳಪ್ಪ ಮೊಬೈಲನ್ನು ಅವಳ ಕೈಗೆ ಮರಳಿ ಕೊಟ್ಟು, ಚಪ್ಪಲಿ ಮೆಟ್ಟುವುದನ್ನೂ ಮರೆತು ಮನೆಯ ದಾರಿ ಹಿಡಿದ. ಶಾಹಿಸ್ತಾ ಇನ್ನೂ ಏನೋ ಹೇಳುತ್ತಿದ್ದಳು. ಅವನಿಗೆ ಕೇಳಿಸಲಿಲ್ಲ. ಊರಿನವರು ತಮ್ಮ ಮೊಬೈಲಿನಲ್ಲೂ ನೋಡಲೆಂದು ಅವಳು ಹಲಗೆಯನ್ನು ಅವನ ಬದುವಿನ ಮೇಲೆಯೇ ಬಿಟ್ಟುಹೋದಳು.

ಆ ಸಂಜೆ ಹೆಂಡತಿ ಶಟ್ಟೆವ್ವ ರೊಟ್ಟಿ ಬಡಿಯುತ್ತಿದ್ದಾಗ ಅವನು ಒಲೆಯ ಮುಂದೆ ಬಂದು ಕುಳಿತ.

"ನಾ ಡಬ್ಬಿ ಬಡದು ಎಲ್ಲಾರಿಗೂ ಹೇಳೀನಲ್ಲ, ಏಳ್ರಿ ಅಂತ?"

"ಹೇಳೀರಿ. ಊರಿಗೆಲ್ಲಾ ಗೊತ್ತೈತಿ. ಹುಚ್ಚ ಹಿಡದೈತಿ ಅಂತ ನಮ್ಮವ್ವ ಮದವ್ಯಾದ ವರ್ಷನ ಅಂದಿದ್ಲು."

"ತೆಳಗಿನವ್ರಿಗೆ ಕೇಳಿಲ್ಲ."

"ಯಾವ ತೆಳಗಿನವ್ರು?"

"ಅವಕ್ಕ ಕಿವಿ ಇಲ್ಲ, ಶಟ್ಟೂ. ನಲವತ್ತ ವರ್ಷ ನಾ ಕಿವಿ ಇಲ್ಲದವ್ರಿಗೆ ಡಬ್ಬಿ ಬಡದೇನಿ."

ಶಟ್ಟೆವ್ವನಿಗೆ ಅರ್ಥವಾಗಲಿಲ್ಲ. ಆದರೆ ಗಂಡನ ಮುಖ ನೋಡಿ, ಚೇಷ್ಟೆ ಸಾಕೆಂದುಕೊಂಡು ಬಿಸಿ ರೊಟ್ಟಿಯ ಮೇಲೆ ಬೆಣ್ಣೆಯ ಮುದ್ದೆಯಿಟ್ಟು ಮುಂದೆ ಸರಿಸಿದಳು.

ಮರುದಿನ ಮಧ್ಯಾಹ್ನ ಹೊಲದ ಮೂಲೆಯ ಬನ್ನಿಮರದ ಕೆಳಗೆ ಒರಗಿದವನಿಗೆ ಜೊಂಪು ಹತ್ತಿತು. ಜೊಂಪಿನಲ್ಲಿ ನೆಲ ತೆರೆದಿತ್ತು. ಅವನು ಬರಿಗಾಲಿನಲ್ಲಿ ಮೆಟ್ಟಿಲಿಳಿದು ಹೋಗುತ್ತಿದ್ದ. ಬಿಳಿಯ ಎಳೆಗಳು ಮುಖಕ್ಕೆ ತಾಗುತ್ತಿದ್ದವು, ತಣ್ಣಗೆ, ಹೊಸ ಸೀರೆಯ ಅಂಚಿನಂತೆ. ಅಲ್ಲಿ ಯಾರೂ ಅವನ ಮೇಲೆ ಸಿಟ್ಟಾಗಲಿಲ್ಲ. ತಮ್ಮ ತಮ್ಮ ಕೆಲಸದಲ್ಲಿದ್ದರು. ಒಬ್ಬರು ಸರಿದು ಅವನಿಗೆ ಜಾಗ ಮಾಡಿಕೊಟ್ಟರು. ಎಚ್ಚರವಾದಾಗ ಅವನು ಎಷ್ಟೋ ಹೊತ್ತು ನೆಲದ ಮೇಲೆ ಅಂಗೈ ಊರಿಕೊಂಡು ಕುಳಿತಿದ್ದ. ಇನ್ನು ಬೆಂಕಿ ಹಚ್ಚುವುದಿಲ್ಲವೆಂದು ಅಲ್ಲಿಯೇ ನಿಶ್ಚಯಿಸಿದ.

ಮೊದಲು ಆ ಮಾತು ಕೇಳಬೇಕಾಗಿ ಬಂದದ್ದು ಬಾಳೇಶನಿಗೆ. ಬಾಳೇಶ ಮಾಳಪ್ಪನ ಅಕ್ಕನ ಮಗ, ಪಕ್ಕದ ಎರಡು ಎಕರೆಯ ಒಡೆಯ. ಬಾಯಿ ಜೋರು, ಕೆಲಸದಲ್ಲಿಯೂ ಜೋರು.

"ಮಾಮಾ, ನಾಳಿ ನಮ್ಮ ಎರಡ ಎಕರೆ ಮುಗಸೂಣ್ರಿ. ಕಡದ ಬುಡ ಚಿಗತು ಕೂಳಿ ಕಬ್ಬ ಏಳಬೇಕಂದ್ರ ನೀರ ಬಿಡಬೇಕು."

"ಇಲ್ಲೋ ತಮ್ಮಾ. ಇನ್ನ ನಾ ಹಚ್ಚೂದಿಲ್ಲ. ರವದಿ ಸಾಲಿನ ನಡುವ ಹಾಸಿಬಿಡು. ಕೊಳತು ಗೊಬ್ಬರ ಆಗತೈತಿ."

"ನೀರ ಮುಂದ ಹೋಗೂದಿಲ್ಲ, ಇಲಿ ಆಗತಾವ. ಯಾಕ್ರಿ ಮಾಮಾ, ಕಡ್ಡಿಪೆಟ್ಟಿಗಿ ಮುಗದೈತೇನು? ನಾ ಕೊಡತೇನಿ ತಗೋರಿ."

"ನೆಲದಾಗ ಮಂದಿ ಅದಾರ."

"ಯಾವ ಮಂದಿ? ಅವರ ಹೆಸರ ಮತದಾರರ ಯಾದ್ಯಾಗ ಐತೇನ್ರಿ?"

ಮಾಳಪ್ಪ ಅವನ ಕೈ ಹಿಡಿದು ಹಲಗೆಯ ಹತ್ತಿರ ಕರೆದುಕೊಂಡು ಹೋಗಿ, ಅವನದೇ ಮೊಬೈಲಿನಲ್ಲಿ ತೋರಿಸಿದ. ಬಾಳೇಶ ನೋಡಿದ. ಮೊಬೈಲನ್ನು ಸರಿಸಿ ಬರಿಯ ಹಲಗೆಯನ್ನೂ ಎತ್ತಿ ತಿರುವಿ ನೋಡಿದ. ಆಮೇಲೆ ತಲೆ ಕೆರೆದುಕೊಂಡು, ಏನೋ ಲೆಕ್ಕ ಹಾಕುತ್ತ ಹೊರಟುಹೋದ.

ಮರುದಿನ ಬೆಳಗ್ಗೆ ಬದುವಿನ ಮೇಲೆ ಹಲಗೆ ಇರಲಿಲ್ಲ. ಬಸ್ ನಿಲ್ದಾಣದ ಛಾದಂಗಡಿಯ ಮುಂದೆ ಮಂದಿ ನೆರೆದಿತ್ತು. ಅಂಗಡಿಯ ಸಿಮೆಂಟಿನ ನೆಲದ ಮೇಲೆ ಹಲಗೆ ಇಟ್ಟು, ಬಾಳೇಶ ಮೊಬೈಲು ಹಿಡಿದು ಕೂಗುತ್ತಿದ್ದ.

"ಬರ್ರಿ ಬರ್ರಿ, ನಮ್ಮ ಮಾಳಪ್ಪ ಮಾಮಾನ ಮಂದಿ ಛಾ ಕುಡ್ಯಾಕ ಬಂದಾರ! ಸಿಮೆಂಟಿನ್ಯಾಗೂ ಹುಳ! ನಿನ್ನೆ ಸುಟ್ಟ ಹೊಲದಾಗ ಇಟ್ಟಿದ್ನಿ, ಅಲ್ಲೂ ಹುಳ. ಟ್ರ್ಯಾಕ್ಟರಿನ ಮ್ಯಾಲ ಇಟ್ಟಿದ್ನಿ, ಅಲ್ಲೂ ಹುಳ!"

ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಹಲಗೆ ಹುಡುಕುತ್ತ ಬಂದ ಮಾಳಪ್ಪ ಬಗ್ಗಿ ನೋಡಿದ. ಸಿಮೆಂಟಿನ ನೆಲ ಬಾಗಿಲಿನ ಹಾಗೆ ತೆರೆಯಿತು. ಅದೇ ಕಪ್ಪು ಮಣ್ಣು, ಅವೇ ಬಿಳಿಯ ಎಳೆಗಳು. ಅರ್ಧ ದಾರಿಗೆ ನಿಂತು, ಏನೋ ಮರೆತವಳಂತೆ ತಲೆಯೆತ್ತಿ, ಎಡಕ್ಕೆ ತಿರುಗಿದ ಅದೇ ಹುಳು.

ಅವನು ಹಲಗೆಯನ್ನು ಕಂಕುಳಲ್ಲಿ ಹಿಡಿದುಕೊಂಡು ರಸೂಲಸಾಬನ ಕಡೆ ಹೊರಟ. ಹಿಂದಿನಿಂದ ಬಾಳೇಶ, "ಅಮಾಸಿ ಮುಗದ ಮರುದಿನ ನಾನ ಹಚ್ಚತೇನ್ರಿ ಮಾಮಾ! ಹುಳದ ಮಂದಿಗೆ ಹೇಳಿಬಿಡ್ರಿ!" ಎಂದು ಕೂಗಿದ. ನಲವತ್ತು ವರ್ಷ ಊರು ಅವನ ಮಾತು ನಂಬಿ ಹೊಲಗಳನ್ನು ಬೆಂಕಿಗೆ ಒಪ್ಪಿಸಿತ್ತು. ಈಗ ಅದೇ ಊರು ಅವನ ಬೆನ್ನ ಹಿಂದೆ ನಗುತ್ತಿತ್ತು.

ರಸೂಲಸಾಬ ಟ್ರ್ಯಾಕ್ಟರಿನ ಕೆಳಗೆ ಮಲಗಿ ಬೋಲ್ಟು ಬಿಚ್ಚುತ್ತಿದ್ದ. ಕಾಲು ನೋಡಿಯೇ ಗೆಳೆಯನ ಗುರುತು ಹಿಡಿದು, "ಬಾರೋ ಮಾಳ್ಯಾ, ನಿನ್ನ ಹುಳದ ಸುದ್ದಿ ನಿನಗಿಂತ ಮೊದಲ ಬಂದು ಕುಂತೈತಿ" ಎಂದ. ಶಾಹಿಸ್ತಾ ಮನೆಯಿಂದ ನೀರಿನ ತಂಬಿಗೆ ತಂದಳು. ಮಾಳಪ್ಪ ಹಲಗೆಯನ್ನು ಅವಳ ಮುಂದಿಟ್ಟ.

"ಸುಳ್ಳ ತೋರಿಸಿದೇನವ್ವಾ?"

ಅವಳ ಮುಖ ಬಾಡಿತು. "ಅದು ಚಿತ್ರ ಕಾಕಾ. ನಾವ ತಗದದ್ದು. ನೆಲದಾಗ ಹ್ಯಾಂಗಿರತೈತಿ ಅಂತ ತಿಳಸಾಕ. ಅವತ್ತ ಕಡೀಕ ಹೇಳಾಕ ಹತ್ತಿದ್ನಿ, ನೀವು ಎದ್ದು ಹೋಗಿಬಿಟ್ರಿ."

"ಮೊದಲ ಹೇಳಬೇಕಿತ್ತವ್ವಾ."

"ಹೌದ್ರಿ ಕಾಕಾ. ಮೊದಲ ಹೇಳಬೇಕಿತ್ತು. ತಪ್ಪ ನಂದು."

ಮಾಳಪ್ಪ ನೀರು ಕುಡಿದ. ತಂಬಿಗೆಯನ್ನು ಕೆಳಗಿಟ್ಟ.

"ಹಂಗಾದ್ರ ಹುಳಾನೂ ಸುಳ್ಳೇನು?"

"ಹುಳ ಖರೇ ಕಾಕಾ! ಚಿತ್ರ ಅಷ್ಟ ನಮ್ಮದು."

"ಖರೇ ಇದ್ರ ಸಲಿಕಿಗೂ ಸಿಗಬೇಕಲ್ಲ" ಎಂದು ಅವನು ಎದ್ದ. "ಎಳ್ಳ ಅಮಾಸಿ ದಿನ ಹೊಲಕ್ಕ ಬಾ. ಊರಾಗಿನವ್ರೆಲ್ಲಾ ಅಲ್ಲೇ ಇರತಾರ."

ಎಳ್ಳ ಅಮಾವಾಸ್ಯೆಯ ದಿನ ಊರಿನಲ್ಲಿ ಒಲೆಗಳು ಬೆಳಗಾಗುವ ಮೊದಲೇ ಹೊತ್ತುತ್ತವೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯೆ, ಕಡಬು ಕಟ್ಟಿಕೊಂಡು ಮಂದಿಯೆಲ್ಲ ಹೊಲಕ್ಕೆ ನಡೆಯುತ್ತಾರೆ. ತಾವು ಉಣ್ಣುವ ಮೊದಲು ಎಲ್ಲ ಅಡಿಗೆಯನ್ನೂ ಒಂದಿಷ್ಟು ಕಲಸಿ, ಹೊಲದ ಸುತ್ತ ತೂರಿ ಭೂಮಿತಾಯಿಗೆ ಉಣಿಸುತ್ತಾರೆ. ಅದಕ್ಕೆ ಚರಗ ಎಂದು ಹೆಸರು. ಅಂದು ಮುಂಜಾನೆಯ ಮಂಜಿನಲ್ಲಿ ಚರಗ ತೂರುವ ಒಂದು ಹೊಲದಿಂದ "ಹುಲ್ಲುಲ್ಲಿಗೋ!" ಎಂಬ ಕೂಗು ಎದ್ದರೆ, ಕಣ್ಣಿಗೆ ಕಾಣದ ಇನ್ನೊಂದು ಹೊಲದಿಂದ "ಚಲ್ಲಂಬರಿಗೋ!" ಎಂಬ ಮರುಕೂಗು ತೇಲಿ ಬರುತ್ತಿತ್ತು. ಭೂಮಿಯೇ ನಿದ್ದೆಗಣ್ಣಿನಲ್ಲಿ ಓಗೊಟ್ಟಂತೆ ಇತ್ತು.

ಉಣ್ಣಲು ಕುಳಿತವರ ನಡುವಿನಿಂದ ಮಾಳಪ್ಪ ಸಲಿಕೆ ಹಿಡಿದು ಎದ್ದ. ಬಾಳೇಶ ಕಡಬು ಅಗಿಯುತ್ತ, "ಮಾಮಾ ಮತ್ತ ಸಿನೆಮಾ ತೋರಸ್ತಾರ, ಕುಂತ್ರಿ" ಎಂದ. ಮಾಳಪ್ಪ ಮೊದಲು ಬನ್ನಿಮರದ ಮೂಲೆಗೆ ಹೋದ. ಮರಕ್ಕೆ ಝಳ ತಾಗಬಾರದೆಂದು ಅಲ್ಲಿಯ ರವದಿಯನ್ನು ಅವನು ಎಂದೂ ಸುಟ್ಟಿರಲಿಲ್ಲ. ಒಂದು ಮೊಳ ಉದ್ದ, ಒಂದು ಮೊಳ ಅಗಲ, ಒಂದು ಗೇಣು ಆಳ ಅಗೆದು, ಮಣ್ಣನ್ನು ಶಟ್ಟೆವ್ವನ ಹಳೆಯ ಸೀರೆಯ ಮೇಲೆ ಹರಡಿದ. ಶಾಹಿಸ್ತಾ ಎಣಿಸಿದಳು. ಮೂವತ್ತೊಂದು ಹುಳು. ಕೆಲವು ದಾರದಷ್ಟು ಸಣ್ಣವು. ಮಂದಿ ಹತ್ತಿರ ಸರಿಯಿತು.

ಆಮೇಲೆ ಅವನು ತನ್ನ ಹೊಲದ ನಡುವೆ ಅಗೆದ. ಅಷ್ಟೇ ಉದ್ದ, ಅಷ್ಟೇ ಆಳ. ನಾಲ್ಕು.

"ಸುಟ್ಟಾಂವ ನಾನ" ಎಂದ, ಯಾರ ಮುಖವನ್ನೂ ನೋಡದೆ. "ಬ್ಯಾರೆ ಯಾರೂ ಅಲ್ಲ."

ಕೊನೆಗೆ ಬದು ದಾಟಿ ಬಾಳೇಶನ ಹೊಲಕ್ಕೆ ಹೋದ. ಅಲ್ಲಿ ಸಲಿಕೆ ಒಮ್ಮೆಗೆ ಇಳಿಯಲಿಲ್ಲ. ಹೆಂಟೆಗಳನ್ನು ಒಡೆದು ಒಡೆದು ನೋಡಿದರು. ಬಾಳೇಶ ಊಟ ಬಿಟ್ಟು ಎದ್ದು ಬಂದು, ತಾನೇ ಕುಕ್ಕುರುಗಾಲಿನಲ್ಲಿ ಕುಳಿತು ಮಣ್ಣು ಕೆದಕತೊಡಗಿದ. ಅವನಿಗೂ ಈಗ ಒಂದಾದರೂ ಸಿಗಲೆಂಬ ಹಟ. ಎಷ್ಟೋ ಹೊತ್ತಿನ ಮೇಲೆ ಒಂದು ಹೆಂಟೆಯ ಸಂದಿನಿಂದ, ಬೆಳಕಿಗೆ ನಾಚಿದಂತೆ ಮೈ ಮಡಿಚಿಕೊಂಡು ಒಂದೇ ಒಂದು ಹುಳು ಹೊರಬಂತು.

ಶಟ್ಟೆವ್ವ ಬಗ್ಗಿ ನೋಡಿದಳು. ಗಂಡ ಒಲೆಯ ಮುಂದೆ ಆಡಿದ ಮಾತು ಅವಳಿಗೆ ಈಗ ತಿಳಿಯಿತು. ಬಾಳೇಶನ ಬುಟ್ಟಿಯಲ್ಲಿ ಉಳಿದಿದ್ದ ಚರಗದಿಂದ ಒಂದು ಚಿಟಿಕೆ ತೆಗೆದು ಅಗೆದ ಕುಣಿಯೊಳಗೆ ಹಾಕಿ, ಹುಳುವನ್ನು ಮಣ್ಣಿನ ಸಮೇತ ಎತ್ತಿ ಅದರ ಪಕ್ಕದಲ್ಲಿಟ್ಟು, ಸಡಿಲವಾಗಿ ಮಣ್ಣು ಮುಚ್ಚಿದಳು.

"ನಿನ್ನ ಪಾಲಿಗೆ ಇಂವ ಒಬ್ಬಾಂವ ಉಳದಾನ. ಇವತ್ತ ನಿನ್ನ ಮನಿ ಕೂಳ ಉಂಡಾನ. ನಾಳಿ ಇವಗ ಬೆಂಕಿ ಹಚ್ಚತೀಯೇನೋ ಬಾಳ್ಯಾ?"

"ಅತ್ತೀ, ಒಂದ ಹುಳಕ್ಕ ಎರಡ ಎಕರೆ..." ಎಂದು ಬಾಳೇಶ ಸುತ್ತಲೂ ನೋಡಿದ. ಯಾರೂ ನಗಲಿಲ್ಲ. ಉಣ್ಣಲಿಕ್ಕೆ ಇಕ್ಕಿದ ಕೈಯಿಂದಲೇ ಕೇಡು ಮಾಡುವುದು ಆ ಸೀಮೆಯಲ್ಲಿ ಯಾರ ಮನಸ್ಸಿಗೂ ಒಗ್ಗುವ ಮಾತಲ್ಲ. ಕಡೆಗೆ ಅವನು ಕೈಯ ಮಣ್ಣು ಕೊಡವಿಕೊಂಡು, "ಒಂದ ಎಕರೆ ಬಿಡತೇನಿ. ಒಂದ ಅಂದ್ರ ಒಂದ. ನೀರ ಹೋಗಲಿಲ್ಲಂದ್ರ ಮಾಮಾನ ಕೊಡದಾಗ ನೀರ ಹೊತ್ತು ಹಾಕಬೇಕು ಮತ್ತ" ಎಂದ.

"ಹಾಕತೇನಿ ತಗೋ" ಎಂದ ಮಾಳಪ್ಪ.

ಹೊರಡುವಾಗ ಅವನು ಶಾಹಿಸ್ತಾಳನ್ನು ಬದುವಿನ ಹತ್ತಿರ ನಿಲ್ಲಿಸಿದ. "ನಿನ್ನ ಚಿತ್ರ ಚಂದ ಐತಿ ತಂಗಿ. ಆದ್ರ ಇಲ್ಲದ್ದನ್ನ ಐತಿ ಅಂತ ತೋರಿಸಬ್ಯಾಡ. ಮೊದಲ ಸಲಿಕಿ, ಆಮ್ಯಾಲ ಮೊಬೈಲ."

ಶಾಹಿಸ್ತಾಳ ತಂಡದವರು ಆ ಮಾತನ್ನು ಮನಸ್ಸಿಗೆ ಹಾಕಿಕೊಂಡರು. ಈಗ ಹಲಗೆ ಇಟ್ಟ ಕೂಡಲೆ ಚಿತ್ರ ತೆರೆಯುವುದಿಲ್ಲ. ಮೊದಲು ಒಂದು ಮೊಳ ನೆಲ ಅಗೆದು, ಸಿಕ್ಕ ಹುಳುಗಳನ್ನು ಎಣಿಸಿ, ಆ ಸಂಖ್ಯೆಯನ್ನು ಮೊಬೈಲಿಗೆ ತಿಳಿಸಬೇಕು. ನಾಲ್ಕು ಸಿಕ್ಕರೆ ಚಿತ್ರದಲ್ಲಿಯೂ ನಾಲ್ಕೇ ಓಡಾಡುತ್ತವೆ. ಒಂದೂ ಸಿಗದಿದ್ದರೆ ನೆಲ ತೆರೆಯುತ್ತದೆ, ಒಳಗೆ ಬರೀ ಬೂದು ಬಣ್ಣದ ಮಣ್ಣು, ಯಾರೂ ಇಲ್ಲದ ಮನೆಯ ಹಾಗೆ. ಆಮೇಲೆ, ಇದು ಬರಿಯ ಊಹೆಯ ಚಿತ್ರವೆಂದು ಹೇಳಿಯೇ, ರವದಿ ಹಾಸಿದರೆ ಮೂರು ವರ್ಷದ ಮೇಲೆ ಹೇಗಿದ್ದೀತೆಂಬುದನ್ನು ತೋರಿಸುತ್ತಾರೆ.

ಇದಾಗಿ ಮೂರನೆಯ ಸುಗ್ಗಿ. ವಾರಕ್ಕೆ ಎರಡು ದಿನ ಮಾಳಪ್ಪ ಸಲಿಕೆ ಹೆಗಲಿಗೇರಿಸಿ ಶಾಹಿಸ್ತಾಳ ಜೊತೆ ತಿರುಗುತ್ತಾನೆ. ಬೈಲಹೊಂಗಲದ ಕಡೆ ಹೋಗುತ್ತಾನೆ, ಮುನವಳ್ಳಿಗೆ ಹೋಗುತ್ತಾನೆ. ಹೋದ ತಿಂಗಳು ರಾಮದುರ್ಗದ ಹೊಳೆದಂಡೆಯ ಊರೊಂದಕ್ಕೂ ಹೋಗಿ ಬಂದ. ಅಲ್ಲಿ ಒಬ್ಬ ಹಿರಿಯ ರೈತನ ಹೊಲದಲ್ಲಿ ಒಂದೂ ಸಿಗಲಿಲ್ಲ. ಆ ಮನುಷ್ಯ ಮೊಬೈಲಿನ ಖಾಲಿ ಮಣ್ಣನ್ನು ನೋಡುತ್ತ ಮಂಕಾಗಿ ನಿಂತಾಗ, ಮಾಳಪ್ಪ ಅವನಿಗೆ ಉಪದೇಶ ಮಾಡಲಿಲ್ಲ. ಪಕ್ಕದಲ್ಲಿ ಕುಳಿತು ತನ್ನ ನಾಲ್ಕು ಹುಳುಗಳ ಕಥೆ ಹೇಳಿದ. "ಬರೂ ವರ್ಷ ಮತ್ತ ಬರತೇನ್ರಿ, ಇಬ್ಬರೂ ಕೂಡಿ ಅಗ್ಯೂಣು" ಎಂದು ಹೇಳಿ ಎದ್ದುಬಂದ.

ಉಳಿದ ದಿನಗಳಲ್ಲಿ ಅವನು ಬಾಳೇಶನ ಹೊಲದಲ್ಲಿರುತ್ತಾನೆ. ಬಾಳೇಶ ಇನ್ನೂ ಒಂದೇ ಎಕರೆಗೆ ನಿಂತಿದ್ದಾನೆ. ಇನ್ನೊಂದು ಎಕರೆಗೆ ಕಳೆದ ವರ್ಷವೂ ತಾನೇ ಬೆಂಕಿ ಹಚ್ಚಿದ. ಬೆಂಕಿಯಿಲ್ಲದ ಎಕರೆಯಲ್ಲಿ ಈ ಸಲ ಒಂಬತ್ತು ಸಿಕ್ಕವು. ಒಂಬತ್ತು ಬಹಳವಲ್ಲ ಎಂದು ಬಾಳೇಶ ವಾದಿಸುತ್ತಾನೆ. ಮಾಳಪ್ಪ ಹೌದೆನ್ನುತ್ತಾನೆ. ಈಗ ಮುಂಜಾನೆಯ ಮಂಜು ಕರಗುವ ಮೊದಲೇ ಇಬ್ಬರೂ ಹೊಲದಲ್ಲಿ ಬಗ್ಗಿರುತ್ತಾರೆ. ಮಾಳಪ್ಪ ರವದಿಯನ್ನು ತೆಕ್ಕೆ ತೆಕ್ಕೆಯಾಗಿ ಎತ್ತಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಾಸುತ್ತಾನೆ. ಬಿಟ್ಟ ಸಾಲಿನಲ್ಲಿ ನೀರು ಹರಿಯುತ್ತದೆ. ಬಾಳೇಶ ಸಲಿಕೆಯಿಂದ ನೀರಿಗೆ ದಾರಿ ಮಾಡುತ್ತ, ನೀರು ತಡವಾಯಿತೆಂದೂ, ಇಲಿ ಬಂತೆಂದೂ, ಸೊಂಟ ನೋಯುತ್ತಿದೆಯೆಂದೂ ಒಂದೇ ಸಮನೆ ಗೊಣಗುತ್ತಿರುತ್ತಾನೆ. ಮಾಳಪ್ಪ ಅದನ್ನೆಲ್ಲ ಕೇಳುತ್ತ ಮುಂದಿನ ತೆಕ್ಕೆಗೆ ಬಗ್ಗುತ್ತಾನೆ.